ಸೆಕ್ಟರ್ ಫೈವ್‌ನ ನೆಲದಡಿಯಲ್ಲಿ ಒಬ್ಬ ಸಾಮಾನ್ಯನ ಬದುಕು

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜನೋ ಅಜ್ಜಿಯೋ ಇದ್ದರೆ ಒಮ್ಮೆ ಅವರ ಆಧಾರ್ ಕಾರ್ಡ್ ತೆಗೆದು ನೋಡಿ. ಹುಟ್ಟಿದ ದಿನಾಂಕದ ಜಾಗದಲ್ಲಿ ಜನವರಿ 1 ಅಂತ ಇದ್ದರೆ ಆಶ್ಚರ್ಯಪಡಬೇಡಿ. ನಮ್ಮ ಹಿರಿಯರಲ್ಲಿ ಬಹಳಷ್ಟು ಜನ ಕಾಗದದ ಮೇಲೆ ಜನವರಿ ಒಂದರಂದೇ ಹುಟ್ಟಿದ್ದಾರೆ. ತಾರೀಕು ಗೊತ್ತಿಲ್ಲ ಅಂದಾಗ ಕೌಂಟರಿನಲ್ಲಿ ಕೂತವರು ಹಾಕಿದ ತಾರೀಕು ಅದು.

ಹಾಗಂತ ಅವರಿಗೆ ತಮ್ಮ ವಯಸ್ಸು ಗೊತ್ತಿರಲಿಲ್ಲ ಅಂತ ಅಲ್ಲ. ನನ್ನ ಅಜ್ಜಿ ಬದುಕಿದ್ದಾಗ ಕೇಳಿದರೆ, "ಮಾರಿ ಬೊಳ್ಳ ಬಂದು ಏಳು ವರ್ಷಕ್ಕೆ ನಾನು ಹುಟ್ಟಿದ್ದು" ಅನ್ನುತ್ತಿದ್ದರು. ಮಾರಿ ಬೊಳ್ಳ ಅಂದರೆ 1923ರಲ್ಲಿ ನೇತ್ರಾವತಿಗೆ ಬಂದ ಮಹಾ ನೆರೆ. ಕರಾವಳಿಯ ಹಳೆಯ ತಲೆಮಾರಿಗೆ ಅದೇ ಕ್ಯಾಲೆಂಡರ್. ಏಳು ಸೇರಿಸಿದರೆ 1930. ಲೆಕ್ಕ ಸರಿಯಾಗಿಯೇ ಇತ್ತು. ಸರಕಾರದ ಫಾರಂಗೆ ಹೊಂದುವಂಥ ಲೆಕ್ಕ ಅದಾಗಿರಲಿಲ್ಲ, ಅಷ್ಟೆ.

ಸಾಮಾನ್ಯ ಮನುಷ್ಯನ ಬದುಕನ್ನು ಅವನ ಕಾಲದ ಇತಿಹಾಸದ ಪಕ್ಕದಲ್ಲಿಟ್ಟು ಓದುವುದು ಹೇಗೆ, ಅದರಿಂದ ಏನು ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ನಿಮ್ಮ ಜೊತೆ ಮಾತಾಡಬೇಕು ಅಂದುಕೊಂಡಿದ್ದೇನೆ. ಉದಾಹರಣೆಗೆ ಒಂದು ಜಾಗ ಬೇಕು. ನಮ್ಮೂರಿನ ಜಾಗವನ್ನೇ ತೆಗೆದುಕೊಳ್ಳಬಹುದಿತ್ತು. ಆದರೆ ನಮಗೆ ತೀರಾ ಪರಿಚಿತವಾದ ಕಡೆ ಎಷ್ಟೋ ವಿಷಯಗಳು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆ ಸ್ವಲ್ಪ ದೂರ, ಕೋಲ್ಕತ್ತಾದ ಸೆಕ್ಟರ್ ಫೈವ್‌ಗೆ ಹೋಗೋಣ.

ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ ಈ ಹೆಸರು ಗೊತ್ತು. ಬೆಂಗಳೂರಿನಲ್ಲಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿ ಹೇಗೋ ಅಲ್ಲಿ ಸೆಕ್ಟರ್ ಫೈವ್ ಹಾಗೆ. ಸಾಲ್ಟ್ ಲೇಕ್ ಎಂಬ ಉಪನಗರದ ಪೂರ್ವದ ಅಂಚು. ಗಾಜಿನ ಕಟ್ಟಡಗಳು, ಕುತ್ತಿಗೆಯಲ್ಲಿ ಐಡಿ ಕಾರ್ಡ್ ತೂಗಿಸಿಕೊಂಡು ರಸ್ತೆ ಬದಿ ಚಹಾ ಕುಡಿಯುವ ಯುವಕರು, ಮೆಟ್ರೋದ ಕೊನೆಯ ನಿಲ್ದಾಣ. ನೋಡಿದರೆ ಇಲ್ಲಿ ಮೂವತ್ತು ನಲ್ವತ್ತು ವರ್ಷಕ್ಕಿಂತ ಹಳೆಯದು ಏನೂ ಇಲ್ಲ ಅನ್ನಿಸುತ್ತದೆ. ಇತಿಹಾಸ ಬೇಕಾದವರು ವಿಕ್ಟೋರಿಯಾ ಮೆಮೋರಿಯಲ್‌ಗೆ ಹೋಗಬೇಕು, ಇಲ್ಲಿಗೆ ಯಾಕೆ ಬರಬೇಕು?

ಸರಿ, ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳೋಣ. ಅವನು 1930ರಲ್ಲಿ, ಅಂದರೆ ನನ್ನ ಅಜ್ಜಿಯ ವರ್ಷದಲ್ಲೇ, ಈ ಜಾಗದ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿದ ಬಡ ಮುಸ್ಲಿಂ ಮೀನುಗಾರನ ಮಗ. ಅವನು ನಿಜವಾದ ವ್ಯಕ್ತಿ ಅಲ್ಲ. ಹಾಗಾಗಿ ಹೆಸರು ಕೊಡುವುದಿಲ್ಲ. ಆದರೆ ಅವನ ಸುತ್ತ ನಾನು ಹೇಳುವ ವರ್ಷಗಳು, ಘಟನೆಗಳು, ಬೆಲೆಗಳು ನಿಜ. ಅಂಥ ಬದುಕನ್ನು ಬದುಕಿದವರು ಅಲ್ಲಿ ಒಬ್ಬರಲ್ಲ, ಸಾವಿರಾರು ಜನ.

ಉಪ್ಪಿನ ವರ್ಷ

ಸಾಲ್ಟ್ ಲೇಕ್ ಅಂದರೆ ಉಪ್ಪಿನ ಸರೋವರ. ಬಂಗಾಳಿಯಲ್ಲಿ ಲವಣ ಹ್ರದ. ಇದು ಕವಿಗಳು ಇಟ್ಟ ಹೆಸರಲ್ಲ. ಕೋಲ್ಕತ್ತಾದ ಪೂರ್ವಕ್ಕೆ ಉಪ್ಪುನೀರಿನ ದೊಡ್ಡ ಜೌಗು ಪ್ರದೇಶ ನಿಜಕ್ಕೂ ಇತ್ತು. ಬಿದ್ಯಾಧರಿ ಎಂಬ ನದಿಯ ಮೂಲಕ ಸಮುದ್ರದ ಉಬ್ಬರದ ನೀರು ಅಲ್ಲಿಗೆ ನುಗ್ಗುತ್ತಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಆ ನದಿ ಹೂಳು ತುಂಬಿ ಸತ್ತಿತು. ಉಪ್ಪುನೀರು ಬರುವುದು ನಿಂತಿತು. ಮೀನುಗಾರರು ನಗರದ ಕೊಳಚೆ ನೀರನ್ನು ಕೊಳಗಳಿಗೆ ಹರಿಸಿ, ಅದರಲ್ಲೇ ಮೀನು ಸಾಕಲು ಕಲಿತರು. ಇಂಥ ಕೊಳಗಳಿಗೆ ಅಲ್ಲಿ ಭೇರಿ ಎನ್ನುತ್ತಾರೆ. ನಮ್ಮ ಹುಡುಗ ಹುಟ್ಟಿದ್ದು ಈ ಬದಲಾವಣೆಯ ನಡುವೆ.

ಅವನು ಹುಟ್ಟಿದ ವರ್ಷವೇ ಗಾಂಧೀಜಿ ದಂಡಿಗೆ ನಡೆದದ್ದು. ನಮ್ಮ ಕರ್ನಾಟಕದಲ್ಲಿ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದದ್ದು ನಿಮಗೆ ಶಾಲೆಯಲ್ಲಿ ಓದಿದ ನೆನಪಿರಬಹುದು. ಬಂಗಾಳದ ಅಂಥದ್ದೇ ಒಂದು ಕೇಂದ್ರ ಮಹಿಷಬಾಥಾನ್. ಅಲ್ಲಿ ಸತೀಶ್ ಚಂದ್ರ ದಾಸ್‌ಗುಪ್ತ ಸತ್ಯಾಗ್ರಹದ ಶಿಬಿರ ನಡೆಸಿದರು. ಮಹಿಷಬಾಥಾನ್ ಎಲ್ಲಿದೆ ಅಂತೀರಾ? ಇಂದಿನ ಸೆಕ್ಟರ್ ಫೈವ್‌ನ ಮಗ್ಗುಲಲ್ಲೇ ಇದೆ. ಐಟಿ ಕಚೇರಿಗಳಿಗೆ ಹೋಗುವ ಎಷ್ಟೋ ಜನ ಅಲ್ಲಿ ಪೇಯಿಂಗ್ ಗೆಸ್ಟ್ ಆಗಿ ಇರುತ್ತಾರೆ.

ತೊಟ್ಟಿಲಲ್ಲಿದ್ದ ಮಗುವಿಗೆ ಇದೇನೂ ಗೊತ್ತಾಗಲಿಲ್ಲ ನಿಜ. ಆದರೆ ಉಪ್ಪಿಗೆ ತೆರಿಗೆ ಕಟ್ಟುತ್ತಿದ್ದವರಲ್ಲಿ ಅವನ ತಾಯಿಯೂ ಒಬ್ಬಳು. ಜೌಗಿನ ಮಣ್ಣಿನಲ್ಲೇ ಉಪ್ಪು ಇರುವಾಗ ಉಪ್ಪನ್ನು ಕೊಂಡೇ ತಿನ್ನಬೇಕು ಎಂಬ ಕಾನೂನು ಅವಳ ಅಡುಗೆಮನೆಯವರೆಗೂ ಬಂದಿತ್ತು.

ಅಕ್ಕಿಯ ಬೆಲೆ

ಈಗ ಅವನಿಗೆ ಹನ್ನೆರಡು ಹದಿಮೂರು ವರ್ಷ. ಎರಡನೇ ಮಹಾಯುದ್ಧ ನಡೆಯುತ್ತಿದೆ. ಹಿಟ್ಲರ್, ಚರ್ಚಿಲ್, ಟೋಜೋ ಇವರ ಹೆಸರನ್ನು ಅವನು ಕೇಳಿರಲೂಬಹುದು, ಕೇಳದೇ ಇರಲೂಬಹುದು. ಯುದ್ಧ ಅವನ ಮನೆಗೆ ಬಂದದ್ದು ಬೇರೆ ದಾರಿಯಿಂದ.

1942ರಲ್ಲಿ ಬರ್ಮಾ ಜಪಾನಿನ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನಿ ಸೈನ್ಯ ಬಂಗಾಳಕ್ಕೆ ಬಂದರೆ ಬಳಸಬಾರದು ಎಂದು ಬ್ರಿಟಿಷ್ ಸರಕಾರ ಕರಾವಳಿಯ ಜಿಲ್ಲೆಗಳಲ್ಲಿ ಹತ್ತಕ್ಕಿಂತ ಹೆಚ್ಚು ಜನರನ್ನು ಹೊರಬಲ್ಲ ದೋಣಿಗಳನ್ನು ವಶಪಡಿಸಿಕೊಂಡಿತು, ಎಷ್ಟನ್ನೋ ನಾಶಮಾಡಿತು. ಬಂಗಾಳದಲ್ಲಿ ದೋಣಿ ಅಂದರೆ ನಮ್ಮ ಎತ್ತಿನ ಗಾಡಿ, ಲಾರಿ, ಬಸ್ಸು ಎಲ್ಲವೂ. ಮೀನುಗಾರನ ಸಂಪಾದನೆಯೂ ಅದರ ಮೇಲೆ, ಊರಿಗೆ ಬರುವ ಅಕ್ಕಿಯೂ ಅದರ ಮೇಲೆ. ಅದೇ ಅಕ್ಟೋಬರ್‌ನಲ್ಲಿ ಮಿಡ್ನಾಪುರದ ಕಡೆ ಚಂಡಮಾರುತ ಬಡಿದು ಬೆಳೆ ಹೋಯಿತು.

ಬೆಲೆ ನೋಡಿ. 1942ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಒಂದು ಮಣ ಅಕ್ಕಿಗೆ ಹದಿಮೂರು ಹದಿನಾಲ್ಕು ರೂಪಾಯಿ ಇತ್ತು. ಮಣ ಅಂದರೆ ಸುಮಾರು 37 ಕಿಲೋ. 1943ರ ಆಗಸ್ಟ್ ಹೊತ್ತಿಗೆ ಅದು 37 ರೂಪಾಯಿ ಆಯಿತು. ಎಂಟೇ ತಿಂಗಳಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು. ಕೂಲಿಯವನ ಕೂಲಿ ಹಾಗೆ ಏರಲಿಲ್ಲ, ಮೀನುಗಾರನ ಸಂಪಾದನೆಯಂತೂ ಕುಸಿಯಿತು. ಆಗ ಶಾಂತಿನಿಕೇತನದಲ್ಲಿ ಬಾಲಕನಾಗಿದ್ದ ಅಮರ್ತ್ಯ ಸೇನ್ ಹಸಿದ ಜನರನ್ನು ಕಣ್ಣಾರೆ ಕಂಡಿದ್ದರು. ಮುಂದೆ 1981ರಲ್ಲಿ ಬರಗಾಲದ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಹೇಳಿದ ಮುಖ್ಯ ಮಾತು ಇದು: ಜನ ಸತ್ತದ್ದು ಬಂಗಾಳದಲ್ಲಿ ಅಕ್ಕಿಯೇ ಇಲ್ಲದ್ದಕ್ಕಲ್ಲ, ಅದನ್ನು ಕೊಳ್ಳುವ ಶಕ್ತಿ ಅವರಿಗೆ ಇಲ್ಲದ್ದಕ್ಕೆ. ಹೆಚ್ಚು ಹೊಡೆತ ತಿಂದವರಲ್ಲಿ ಕೃಷಿ ಕೂಲಿಗಳ ಜೊತೆ ಮೀನುಗಾರರೂ ಇದ್ದರು. ಸತ್ತವರ ಸಂಖ್ಯೆ ಸುಮಾರು 30 ಲಕ್ಷ ಎಂಬ ಅಂದಾಜು ಸಾಮಾನ್ಯವಾಗಿ ಚಾಲ್ತಿಯಲ್ಲಿದೆ.

ನಮ್ಮ ಹುಡುಗ ಬದುಕಿ ಉಳಿದ. ಮುದುಕನಾದ ಮೇಲೆ ಅವನನ್ನು ಯಾರಾದರೂ ಕೇಳಿದ್ದರೆ "ಮಹಾಯುದ್ಧ" ಅನ್ನುತ್ತಿರಲಿಲ್ಲ. "ದೋಣಿ ಹೋದ ವರ್ಷ", "ಗಂಜಿಯ ತಿಳಿಗಾಗಿ ಬಾಗಿಲು ಬಾಗಿಲು ತಿರುಗಿದ ವರ್ಷ" ಅನ್ನುತ್ತಿದ್ದನೇನೋ. ನೀವು ಹಿರಿಯರ ಹತ್ತಿರ ಕೂತಾಗ ಇದನ್ನು ನೆನಪಿಡಿ. "ಸ್ವಾತಂತ್ರ್ಯ ಹೋರಾಟದ ಬಗ್ಗೆ ಹೇಳಿ" ಎಂದರೆ "ನಮಗೇನೂ ಗೊತ್ತಿಲ್ಲ ಮಗಾ" ಅಂತಾರೆ. "ಆಗ ಅಕ್ಕಿಗೆ ಎಷ್ಟಿತ್ತು?" ಎಂದು ಕೇಳಿ, ಸಂಜೆ ತನಕ ಮಾತಾಡುತ್ತಾರೆ.

ಬೇಲಿಯಾಘಾಟದ ಮನೆ

1946ರ ಆಗಸ್ಟ್ 16ರಂದು ಕಲ್ಕತ್ತೆಯಲ್ಲಿ ಶುರುವಾದ ಕೋಮು ಹಿಂಸೆಯಲ್ಲಿ ಕೆಲವೇ ದಿನಗಳಲ್ಲಿ ಸಾವಿರಾರು ಜನ ಸತ್ತರು. ಹಿಂದೂಗಳೂ ಸತ್ತರು, ಮುಸ್ಲಿಮರೂ ಸತ್ತರು. ನಮ್ಮ ಹುಡುಗನಿಗೆ ಆಗ ಹದಿನಾರು. ಜೌಗಿನ ಮೀನು ಮಾರಾಟವಾಗಬೇಕಾದರೆ ನಗರದ ಮಾರುಕಟ್ಟೆಗೇ ಹೋಗಬೇಕು. ಯಾವ ಬೀದಿಯಲ್ಲಿ ಹೋಗಬಹುದು, ಯಾವುದರಲ್ಲಿ ಹೋಗಬಾರದು ಎಂಬುದು ಆ ವಾರ ಅವನ ಹೊಟ್ಟೆಪಾಡಿನ ಪ್ರಶ್ನೆ.

ಮರುವರ್ಷ ಆಗಸ್ಟ್ 13ರಂದು ಗಾಂಧೀಜಿ ಬೇಲಿಯಾಘಾಟಕ್ಕೆ ಬಂದು ಹೈದರಿ ಮಂಜಿಲ್ ಎಂಬ ಮುಸ್ಲಿಮರ ಮನೆಯಲ್ಲಿ ತಂಗಿದರು. ಜೊತೆಗೆ ಹುಸೇನ್ ಶಹೀದ್ ಸುಹ್ರವರ್ದಿ. ದೆಹಲಿಯಲ್ಲಿ ಸ್ವಾತಂತ್ರ್ಯದ ಸಂಭ್ರಮ ನಡೆಯುತ್ತಿದ್ದಾಗ ಅವರು ಇಲ್ಲಿದ್ದರು. ಆಗಸ್ಟ್ ಕೊನೆಗೆ ಮತ್ತೆ ಹಿಂಸೆ ಶುರುವಾದಾಗ ಸೆಪ್ಟೆಂಬರ್ 1ರಂದು ಉಪವಾಸ ಕೂತರು. ನಗರ ಶಾಂತವಾಗಿ 4ರಂದು ಉಪವಾಸ ಬಿಟ್ಟರು. ಬೇಲಿಯಾಘಾಟ ಅಂದರೆ ಜೌಗಿನ ಪಶ್ಚಿಮದ ದಡ. ಅಲ್ಲಿ ಉಳಿದುಕೊಂಡ ಬಡ ಮುಸ್ಲಿಮರಿಗೆ ಆ ನಾಲ್ಕು ದಿನಗಳ ಉಪವಾಸ ಪುಸ್ತಕದ ಪಾಠ ಆಗಿರಲಿಲ್ಲ. ಮೂಟೆ ಕಟ್ಟಿ ಪೂರ್ವಕ್ಕೆ ಹೊರಡಬೇಕೋ, ಇಲ್ಲೇ ಇರಬೇಕೋ ಎಂಬ ತೀರ್ಮಾನ ಅದರ ಮೇಲೂ ನಿಂತಿತ್ತು.

ನಮ್ಮ ಮನುಷ್ಯ ಇಲ್ಲೇ ಉಳಿದ ಅಂತ ಇಟ್ಟುಕೊಳ್ಳೋಣ. ಬಹಳಷ್ಟು ಜನ ಉಳಿದರು. ಆದರೆ ಉಳಿಯುವುದು ಒಂದು ಸಲ ಮಾಡಿ ಮುಗಿಯುವ ತೀರ್ಮಾನವಲ್ಲ. 1963ರ ಡಿಸೆಂಬರ್ 27ರಂದು ಕಾಶ್ಮೀರದ ಹಜ್ರತ್‌ಬಾಲ್ ದರ್ಗಾದಿಂದ ಪ್ರವಾದಿಯವರ ಪವಿತ್ರ ಕೇಶ ಕಾಣೆಯಾಯಿತು. ಸುದ್ದಿ ಹರಡಿ ಪೂರ್ವ ಪಾಕಿಸ್ತಾನದ ಖುಲ್ನಾದಲ್ಲಿ ಹಿಂದೂಗಳ ಮೇಲೆ ದಾಳಿಯಾಯಿತು. ಅಲ್ಲಿಂದ ಓಡಿಬಂದವರ ಕಥೆ ಕೇಳಿ 1964ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಮುಸ್ಲಿಮರ ಮೇಲೆ ದಾಳಿಯಾಯಿತು. ಸಾವಿರಾರು ಜನ ಮನೆ ಬಿಟ್ಟರು. ಕಾಶ್ಮೀರದಲ್ಲಿ ಆ ಪವಿತ್ರ ಕೇಶ ಜನವರಿ 4ರಂದೇ ಮರಳಿ ಸಿಕ್ಕಿತ್ತು! ಖುಲ್ನಾದ ಹಿಂದೂವಿಗಾಗಲಿ ಕಲ್ಕತ್ತೆಯ ಮುಸ್ಲಿಮನಿಗಾಗಲಿ ಶ್ರೀನಗರದಲ್ಲಿ ನಡೆದದ್ದರಲ್ಲಿ ಏನು ಪಾತ್ರ? ಏನೂ ಇಲ್ಲ. ತಾನು ನೋಡದ ಊರಿನ ಸುದ್ದಿಗೆ ತನ್ನ ಮನೆ ಕಳೆದುಕೊಳ್ಳುವುದು, ಇದು ಸಾಮಾನ್ಯನ ಪಾಲಿನ ಇತಿಹಾಸದ ಒಂದು ಕ್ರೂರ ಗುಣ.

ನೀರು ನೆಲವಾದದ್ದು

ಸ್ವಲ್ಪ ಹಿಂದೆ ಹೋಗೋಣ. ವಿಭಜನೆಯ ನಂತರ ಪೂರ್ವ ಬಂಗಾಳದಿಂದ ನಿರಾಶ್ರಿತರು ಬರುತ್ತಲೇ ಇದ್ದರು. ಕಲ್ಕತ್ತೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪಶ್ಚಿಮಕ್ಕೆ ಹೂಗ್ಲಿ ನದಿ, ಪೂರ್ವಕ್ಕೆ ಜೌಗು. ಮುಖ್ಯಮಂತ್ರಿಯಾಗಿದ್ದ ಡಾ. ಬಿಧಾನ್ ಚಂದ್ರ ರಾಯ್ ಜೌಗನ್ನೇ ತುಂಬಿ ಹೊಸ ನಗರ ಕಟ್ಟಲು ಹೊರಟರು. ಯುಗೋಸ್ಲಾವಿಯಾದ ಇನ್ವೆಸ್ಟ್ ಇಂಪೋರ್ಟ್ ಎಂಬ ಸಂಸ್ಥೆಗೆ ಕೆಲಸ ವಹಿಸಲಾಯಿತು. ಅದೇ ದೇಶದ ವಾಸ್ತುಶಿಲ್ಪಿ ದೊಬ್ರಿವೊಯೆ ತೋಶ್ಕೊವಿಚ್ ನಗರದ ನಕ್ಷೆ ಮಾಡಿದರು. 1962ರ ಏಪ್ರಿಲ್ 16ರಂದು ಕೆಲಸ ಶುರು. ಎರಡೂವರೆ ತಿಂಗಳಲ್ಲಿ, ಜುಲೈ 1ರಂದು, ರಾಯ್ ತೀರಿಕೊಂಡರು. ಹೊಸ ನಗರಕ್ಕೆ ಬಿಧಾನ್‌ನಗರ ಎಂಬ ಹೆಸರು ಬಂತು.

ಕೆಲಸ ನಡೆದ ರೀತಿ ಸರಳ. ಹೂಗ್ಲಿಯ ತಳದ ಹೂಳನ್ನು ಯಂತ್ರದಿಂದ ಎತ್ತಿ, ನೀರಿನ ಜೊತೆ ಕಲಸಿ, ದೊಡ್ಡ ಕೊಳವೆಗಳ ಮೂಲಕ ನಗರವನ್ನು ದಾಟಿಸಿ ತಂದು ಜೌಗಿಗೆ ಸುರಿಯುವುದು. ನೀರು ಬಸಿದು ಹೋಗುತ್ತದೆ, ಮಣ್ಣು ಉಳಿಯುತ್ತದೆ. ಹೀಗೆ ವರ್ಷಗಟ್ಟಲೆ ಸುರಿದು ಉತ್ತರ ಭಾಗದ ಜೌಗು ಗಟ್ಟಿ ನೆಲವಾಯಿತು.

ಹೊರಗಿನಿಂದ ನೋಡಿದರೆ ಇದು ಎಂಜಿನಿಯರಿಂಗಿನ ಸಾಧನೆ. ಹೌದು, ಸಾಧನೆಯೇ. ಆದರೆ 32 ವರ್ಷದ ನಮ್ಮ ಮೀನುಗಾರನ ಕಡೆಯಿಂದ ನೋಡಿ. ಅವನು ದೋಣಿ ಹುಟ್ಟು ಹಾಕುತ್ತಿದ್ದ ಜಾಗದಲ್ಲಿ ಈಗ ಮನುಷ್ಯರು ನಡೆಯುತ್ತಿದ್ದಾರೆ. ಮುಳುಗಡೆಯ ನೋವು ನಮಗೆ ಗೊತ್ತು. ಅದೇ ಕಾಲದಲ್ಲಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಹಳ್ಳಿಗಳು ನೀರಿನಡಿ ಹೋದವು. ನಮ್ಮಲ್ಲಿ ನೆಲ ನೀರಾಯಿತು, ಅಲ್ಲಿ ನೀರು ನೆಲವಾಯಿತು. ಬೆಂಗಳೂರಿನವರಿಗಂತೂ ಇದು ಹೊಸದಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ. ಆ ಕೆರೆಗಳ ನೀರು ಹೊತ್ತವರು, ಬಟ್ಟೆ ಒಗೆದವರು, ಮೀನು ಹಿಡಿದವರು ಯಾರು, ಆಮೇಲೆ ಎಲ್ಲಿ ಹೋದರು ಅಂತ ಮೆಜೆಸ್ಟಿಕ್‌ನಲ್ಲಿ ನಿಂತು ಯಾರಾದರೂ ಕೇಳಿದ್ದುಂಟಾ?

ಗಮನಿಸಿ: ವಿಭಜನೆ ಆದದ್ದು 1947ರಲ್ಲಿ. ಅದು ನಮ್ಮ ಮೀನುಗಾರನ ಕೊಳವನ್ನು ನುಂಗಿದ್ದು ಹದಿನೈದು ವರ್ಷ ಆದ ಮೇಲೆ. ಇತಿಹಾಸದ ಘಟನೆ ಒಂದು ದಿನ ನಡೆಯುತ್ತದೆ. ಅದರ ಬಿಲ್ಲು ಸಾಮಾನ್ಯನ ಮನೆಗೆ ಬರುವುದು ಎಷ್ಟೋ ವರ್ಷಗಳ ನಂತರ, ಬೇರೆ ಹೆಸರಿನಲ್ಲಿ.

ಕೊಳವೆಯೊಳಗಿನ ಸಂಸಾರ

ಮಣ್ಣು ತುಂಬಿದ ಸಾಲ್ಟ್ ಲೇಕ್‌ನಲ್ಲಿ ಮನೆಗಳು ಇನ್ನೂ ಹೆಚ್ಚು ಎದ್ದಿರಲಿಲ್ಲ. 1971 ಬಂತು. ಪೂರ್ವ ಪಾಕಿಸ್ತಾನದಲ್ಲಿ ಸೈನ್ಯದ ದೌರ್ಜನ್ಯ ಶುರುವಾಗಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಸಾಲ್ಟ್ ಲೇಕ್‌ನ ಖಾಲಿ ಬಯಲಿನಲ್ಲಿ ಅತಿ ದೊಡ್ಡ ಶಿಬಿರಗಳಲ್ಲಿ ಒಂದು ತಲೆ ಎತ್ತಿತು. ಚರಂಡಿಗಾಗಿ ತಂದಿಟ್ಟಿದ್ದ ದೊಡ್ಡ ಸಿಮೆಂಟ್ ಕೊಳವೆಗಳ ಒಳಗೆ ಜನ ಸಂಸಾರ ಮಾಡಿದರು. ಆ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿ ಆ ಆಗಸ್ಟ್‌ನಲ್ಲಿ ಶಿಬಿರಗಳನ್ನು ನೋಡಲು ಬಂದರು.

ಶಿಬಿರಗಳಲ್ಲಿ ಕಾಲರಾ ಹರಡಿತು. ಡ್ರಿಪ್ ಹಾಕಲು ಬಾಟಲಿಗಳಿಲ್ಲ, ಸೂಜಿ ಚುಚ್ಚುವ ನರ್ಸ್‌ಗಳಿಲ್ಲ. ಗಡಿಯ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬೀಸ್ ಒಂದು ಧೈರ್ಯ ಮಾಡಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ ಕಲಸಿ, ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಇಂದು ನಮ್ಮ ಮಕ್ಕಳಿಗೆ ಭೇದಿಯಾದಾಗ ಕೊಡುವ ಓಆರ್‌ಎಸ್ ಪೊಟ್ಟಣ ಜಗತ್ತಿನ ನಂಬಿಕೆ ಗಳಿಸಿದ್ದು ಹೀಗೆ. ಆ ದ್ರಾವಣವನ್ನು ಚಮಚ ಚಮಚವಾಗಿ ರಾತ್ರಿಯಿಡೀ ಕುಡಿಸಿದವರು ತಾಯಂದಿರು, ಅಕ್ಕಂದಿರು. ವೈದ್ಯಕೀಯ ಇತಿಹಾಸದಲ್ಲಿ ಅವರ ಹೆಸರಿಲ್ಲ.

ನಮ್ಮ ಮನುಷ್ಯನಿಗೆ ಆಗ 41. ತನ್ನ ಕೊಳ ತುಂಬಿದ ನೆಲದ ಮೇಲೆ ತನಗಿಂತ ನಿರ್ಗತಿಕರು ಬಂದು ಕೂತದ್ದನ್ನು ಅವನು ನೋಡಿದ.

ಉಳಿದ ನೀರು

ಎಲ್ಲ ಜೌಗೂ ಹೋಗಲಿಲ್ಲ. ಸೆಕ್ಟರ್ ಫೈವ್‌ನ ಆಚೆ ಭೇರಿಗಳು ಈಗಲೂ ಇವೆ. ನಗರದ ಕೊಳಚೆ ಕಾಲುವೆಗಳಲ್ಲಿ ಬಂದು ಆಳವಿಲ್ಲದ ಕೊಳಗಳಲ್ಲಿ ನಿಲ್ಲುತ್ತದೆ. ಬಿಸಿಲು ಬೀಳುತ್ತದೆ, ಪಾಚಿ ಬೆಳೆಯುತ್ತದೆ, ಕೊಳಚೆ ಒಡೆದು ಮೀನಿನ ಆಹಾರವಾಗುತ್ತದೆ. ರೋಹು, ಕಾಟ್ಲಾ, ತಿಲಾಪಿಯಾ ಬೆಳೆಯುತ್ತವೆ. ನೀರು ತಿಳಿಯಾಗಿ ಹೊಲಕ್ಕೆ ಹೋಗುತ್ತದೆ. 1980ರ ದಶಕದಲ್ಲಿ ಧ್ರುಬಜ್ಯೋತಿ ಘೋಷ್ ಎಂಬ ಸರಕಾರಿ ಎಂಜಿನಿಯರ್ ನಗರದ ಕೊಳಚೆ ಕೊನೆಗೆ ಎಲ್ಲಿ ಹೋಗುತ್ತದೆ ಅಂತ ಹುಡುಕುತ್ತಾ ಇಲ್ಲಿಗೆ ಬಂದರು. ಕೋಟಿಗಟ್ಟಲೆ ಖರ್ಚಿನ ಶುದ್ಧೀಕರಣ ಘಟಕದ ಕೆಲಸವನ್ನು ಓದು ಬರಹ ಇಲ್ಲದ ಮೀನುಗಾರರು ಲಾಭ ಮಾಡಿಕೊಂಡೇ ನಡೆಸುತ್ತಿದ್ದಾರೆ ಎಂದು ಅವರು ಜಗತ್ತಿಗೆ ತೋರಿಸಿದರು. 1992ರಲ್ಲಿ ಕಲ್ಕತ್ತಾ ಹೈಕೋರ್ಟ್ ಈ ಜೌಗನ್ನು ಮತ್ತೆ ತುಂಬದಂತೆ ತಡೆಯಿತು. 2002ರಲ್ಲಿ 12,500 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಎಂಬ ಮಾನ್ಯತೆ.

ನಮ್ಮ ಮನುಷ್ಯ ಬಾಲ್ಯದಿಂದ ಮಾಡಿದ ಕೆಲಸಕ್ಕೆ ಅವನ 72ನೇ ವಯಸ್ಸಿನಲ್ಲಿ ಒಂದು ದೊಡ್ಡ ಹೆಸರು ಸಿಕ್ಕಿತು. ಅದು ಅವನಿಗೆ ಗೊತ್ತಾಗಿತ್ತೋ ಇಲ್ಲವೋ.

ಈ ಕಡೆ ತುಂಬಿದ ನೆಲದಲ್ಲಿ ಕೈಗಾರಿಕೆಗೆಂದು ಮೀಸಲಿಟ್ಟ ಐದನೇ ಸೆಕ್ಟರ್‌ನಲ್ಲಿ ಮೊದಲು ಎಲೆಕ್ಟ್ರಾನಿಕ್ಸ್ ಘಟಕಗಳು ಬಂದವು, ಆಮೇಲೆ ಸಾಫ್ಟ್‌ವೇರ್. 2006ರಲ್ಲಿ ಈ ಪ್ರದೇಶದ ಆಡಳಿತಕ್ಕೆ ನಬದಿಗಂತ ಎಂಬ ಪ್ರಾಧಿಕಾರ ಬಂತು. ನಬದಿಗಂತ ಅಂದರೆ ಹೊಸ ದಿಗಂತ. ಮೀನುಗಾರನ ಮೊಮ್ಮಗ ಅಲ್ಲಿನ ಯಾವುದೋ ಕಟ್ಟಡದ ಗೇಟಿನಲ್ಲಿ ಸೆಕ್ಯೂರಿಟಿ ಸಮವಸ್ತ್ರ ಹಾಕಿ ನಿಂತಿದ್ದಾನೆ ಅಂತ ಇಟ್ಟುಕೊಳ್ಳಿ. 2020ರ ಫೆಬ್ರವರಿ 13ರಂದು ಸೆಕ್ಟರ್ ಫೈವ್‌ನಿಂದ ಮೆಟ್ರೋ ಉದ್ಘಾಟನೆಯಾಯಿತು. ಆರು ವಾರದಲ್ಲಿ ಲಾಕ್‌ಡೌನ್. ಒಳಗಿದ್ದವರು ಲ್ಯಾಪ್‌ಟಾಪ್ ಹಿಡಿದು ಮನೆಗೆ ಹೋದರು. ಗೇಟಿನಲ್ಲಿದ್ದವನು ಮನೆಯಿಂದ ಕೆಲಸ ಮಾಡುವುದು ಹೇಗೆ? ಮೇ 20ರಂದು ಆಂಫಾನ್ ಚಂಡಮಾರುತ ಬಂತು. ಅಜ್ಜನಿಗೆ 1942ರಲ್ಲಿ ಯುದ್ಧದ ನಡುವೆ ಚಂಡಮಾರುತ, ಮೊಮ್ಮಗನಿಗೆ ರೋಗದ ನಡುವೆ.

ಒಂದು ಸಾಲು

ಈಗ ಈ ಲೇಖನ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ.

2025ರ ಅಕ್ಟೋಬರ್ 27ರಂದು ಚುನಾವಣಾ ಆಯೋಗ ಪಶ್ಚಿಮ ಬಂಗಾಳವೂ ಸೇರಿ ಹನ್ನೆರಡು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯನ್ನು ಪ್ರಕಟಿಸಿತು. ಬಂಗಾಳದಲ್ಲಿ ಅದಕ್ಕೆ ಆಧಾರ 2002ರ ಪಟ್ಟಿ. ಆ ಪಟ್ಟಿಯಲ್ಲಿ ನಿಮ್ಮ ಹೆಸರು, ಇಲ್ಲವೇ ನಿಮ್ಮ ತಂದೆ ತಾಯಿಯ ಅಥವಾ ಅಜ್ಜ ಅಜ್ಜಿಯ ಹೆಸರು ತೋರಿಸಿ, ಅದಕ್ಕೆ ನಿಮ್ಮನ್ನು ಜೋಡಿಸಿ ಎಂಬುದು ಕೆಲಸದ ರೀತಿ.

ಮೊಮ್ಮಗ ಈಗ ಅಜ್ಜನನ್ನು ಹುಡುಕುತ್ತಾನೆ. ಉಪ್ಪಿನ ವರ್ಷ ಹುಟ್ಟಿದ, ಬರಗಾಲ ದಾಟಿದ, ಎರಡು ಗಲಭೆಗಳಲ್ಲಿ ಉಳಿದ, ನೀರು ನೆಲವಾದದ್ದನ್ನು ನೋಡಿದ ಅಜ್ಜ. ಅವನು ಸಿಗುವುದು 2002ರ ಪಟ್ಟಿಯ ಒಂದು ಸಾಲಿನಲ್ಲಿ. ಹೆಸರು, ತಂದೆಯ ಹೆಸರು, ವಯಸ್ಸು. ಅಷ್ಟೇ. ಅಕ್ಷರ ಸರಿ ಇದ್ದರೆ ಪುಣ್ಯ. ಶೇಖ್ ಎಂಬುದು ಸೇಖ್ ಆಗಿದ್ದರೆ, ಒಂದು ಕಡೆ ಮಹಮ್ಮದ್ ಇನ್ನೊಂದು ಕಡೆ ಮುಹಮ್ಮದ್ ಇದ್ದರೆ ಆ ಒಂದು ಸಾಲೂ ತಕರಾರಿಗೆ ಬೀಳುತ್ತದೆ. ಹೆಣ್ಣುಮಕ್ಕಳ ಕಷ್ಟ ಇನ್ನೂ ದೊಡ್ಡದು. ಮದುವೆಗೆ ಮುಂಚೆ ಖಾತೂನ್, ಮದುವೆಯ ನಂತರ ಬೀಬಿ. ಎರಡೂ ಒಬ್ಬಳೇ ಎಂದು ಹೇಳುವವರು ಯಾರು?

ಪಟ್ಟಿ ಪರಿಷ್ಕರಿಸುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ಸಾಮಾನ್ಯನ ಬದುಕು ಇತಿಹಾಸದಿಂದ ತುಂಬಿರುತ್ತದೆ, ಆದರೆ ಇತಿಹಾಸದ ಕಾಗದದಲ್ಲಿ ಅವನಿಗೆ ಸಿಗುವುದು ಒಂದು ಸಾಲು. ಆ ಸಾಲನ್ನು ಬರೆದವನು ಅವನಲ್ಲ. ಕೌಂಟರಿನಲ್ಲಿ ಕೂತವನು. ಜನವರಿ 1 ಎಂದು ಬರೆದನಲ್ಲ, ಅವನೇ. ಉಳಿದದ್ದನ್ನು ನಾವು ಬರೆಯದಿದ್ದರೆ ಅವನು ಇದ್ದ ಎಂಬುದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ.

ನೀವು ಮಾಡಬಹುದಾದದ್ದು

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟದ ಮಧ್ಯೆ ಗೆರೆ ಎಳೆಯಿರಿ. ಎಡಗಡೆ ಮನೆಯ ಹಿರಿಯರು ಹೇಳಿದ್ದು, ಬಲಗಡೆ ಆ ವರ್ಷ ನಾಡಿನಲ್ಲಿ ನಡೆದದ್ದು.

ತಾರೀಕು ಕೇಳಬೇಡಿ, ಗುರುತು ಕೇಳಿ. "1974ರ ನೆರೆಯಲ್ಲಿ ಬಂಟ್ವಾಳ ಮುಳುಗಿದಾಗ ನೀವು ಎಲ್ಲಿದ್ದಿರಿ?" "ಭೂಸುಧಾರಣೆಯಲ್ಲಿ ನಮ್ಮ ಮನೆಯವರು ಫಾರಂ ನಂಬರ್ 7 ಹಾಕಿದ್ದರಾ? ಹಾಕಿಲ್ಲ ಅಂದರೆ ಯಾಕೆ?" 1974ರ ಮಾರ್ಚ್ 1ರಿಂದ ಜಾರಿಯಾದ ಆ ಕಾನೂನು ನಮ್ಮಲ್ಲಿ ಎಷ್ಟು ಗೇಣಿದಾರರ ಬದುಕು ಬದಲಿಸಿತು ಎಂಬುದು ಪುಸ್ತಕದಲ್ಲಿದೆ. ಧಣಿಯ ಮುಲಾಜಿಗೆ ಫಾರಂ ಹಾಕದೆ ಉಳಿದವನ ಕಥೆ ಅವನ ಮಗಳ ನೆನಪಿನಲ್ಲಿ ಮಾತ್ರ ಇದೆ. ಬೆಲೆ ಕೇಳಿ, ರೇಷನ್ ಕೇಳಿ, ಮೊದಲ ಬಸ್ಸು ಬಂದದ್ದು ಯಾವಾಗ ಅಂತ ಕೇಳಿ. ಉಮ್ಮನನ್ನು ಬೇರೆಯಾಗಿ ಕೂರಿಸಿ ಕೇಳಿ, ಯಾಕೆಂದರೆ ಗಂಡಸರು ಇದ್ದರೆ ಅವರು ಮಾತಾಡುವುದಿಲ್ಲ.

ಆಮೇಲೆ ಕಾಗದಗಳನ್ನು ಹುಡುಕಿ. ಜಮಾಅತಿನ ನಿಕಾಹ್ ರಿಜಿಸ್ಟರ್, ಶಾಲೆಯ ದಾಖಲಾತಿ ಪುಸ್ತಕ, ಹಳೆಯ ಪಹಣಿ, ಗಲ್ಫ್‌ಗೆ ಹೋದವರ ಮೊದಲ ಪಾಸ್‌ಪೋರ್ಟ್. ನೆನಪಿಗೂ ಕಾಗದಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಬರೆದಿಡಿ. ನೆನಪು ತಪ್ಪುತ್ತದೆ, ಕಾಗದವೂ ತಪ್ಪುತ್ತದೆ. ಹೆಸರಿನ ಅಕ್ಷರ ಎಲ್ಲೆಲ್ಲಿ ಹೇಗೆ ಇದೆ ಅಂತ ಒಂದು ಪಟ್ಟಿ ಮಾಡಿಟ್ಟರೆ ಮುಂದೆ ನಿಮಗೇ ಕೆಲಸಕ್ಕೆ ಬರುತ್ತದೆ.

ಇದು ವಂಶಾವಳಿಯ ಹೆಮ್ಮೆಗಾಗಿ ಅಲ್ಲ. ನಮ್ಮ ಹೆಚ್ಚಿನವರ ವಂಶದಲ್ಲಿ ನವಾಬರೂ ಇಲ್ಲ, ದಿವಾನರೂ ಇಲ್ಲ. ಮೀನು ಮಾರಿದವರು, ಬೀಡಿ ಕಟ್ಟಿದವರು, ಗೇಣಿ ಮಾಡಿದವರು ಇದ್ದಾರೆ. ದೇಶದ ದೊಡ್ಡ ತೀರ್ಮಾನಗಳ ಬೆಲೆ ತೆತ್ತವರು ಅವರೇ. ಎಷ್ಟು ತೆತ್ತರು ಎಂಬ ಲೆಕ್ಕ ಅವರ ಹತ್ತಿರ ಮಾತ್ರ ಇದೆ.

ಇಂದು ಸೆಕ್ಟರ್ ಫೈವ್‌ನಲ್ಲಿ ಮೆಟ್ರೋ ಹತ್ತಿದರೆ ಹೂಗ್ಲಿಯ ಅಡಿಯಿಂದ ಹಾದು ಹೌರಾ ತಲುಪಬಹುದು. 2025ರ ಆಗಸ್ಟ್‌ನಲ್ಲಿ ಆ ದಾರಿ ಪೂರ್ತಿಯಾಯಿತು. ಅರವತ್ತು ವರ್ಷಗಳ ಹಿಂದೆ ಅದೇ ನದಿಯ ತಳದ ಹೂಳು ಕೊಳವೆಯಲ್ಲಿ ಈ ಕಡೆ ಬಂದಿತ್ತು. ನಿಮ್ಮ ಮಗನೋ ಮಗಳೋ ಅಲ್ಲಿ ಕೆಲಸದಲ್ಲಿದ್ದರೆ ಒಂದು ಬಿಡುವಿನ ಸಂಜೆ ಭೇರಿಗಳ ಕಡೆ ನಡೆದು ಹೋಗಲು ಹೇಳಿ. ಬಲೆ ಎಳೆಯುವ ಮುದುಕರು ಯಾರಾದರೂ ಸಿಕ್ಕರೆ ಮಾತಾಡಿಸಲಿ.

ನನ್ನ ಅಜ್ಜಿಯನ್ನು ನಾನು ಹೀಗೆ ಕೂರಿಸಿ ಕೇಳಲಿಲ್ಲ. ಮಾರಿ ಬೊಳ್ಳದ ಲೆಕ್ಕವೊಂದು ನೆನಪಿದೆ, ಅದರಾಚೆ ನನ್ನ ಎಡಗಡೆಯ ಪುಟ ಹೆಚ್ಚಾಗಿ ಖಾಲಿ. ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದರೆ ಇವತ್ತೇ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.